ಗಾಲಿಗೆ ಆರು, ಗಾಳಿಗೆ ಐದು

೧

ಹೇಗೆ ಶುರು ಮಾಡಲಿ? ಸ್ಪರ್ಧೆಯ ನಿಯಮದ ಪ್ರಕಾರ ಒಂದು ರೋಬೋಟಿಗೆ ಎಂಟೇ ಮೋಟಾರು. ಆ ನಿಯಮ ಈ ಕಥೆಗೂ ಇರಲಿ ಎಂದು ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ: ಎಂಟೇ ಭಾಗ, ಒಂಬತ್ತನೆಯದು ಕೇಳಬಾರದು. ಈಗ ನೋಡಿ, ಒಂದು ಇಲ್ಲೇ ಹೋಯಿತು. ರೋಬೋಟು ಇನ್ನೂ ಮೇಜಿನಿಂದ ಕೆಳಗೆ ಇಳಿದಿಲ್ಲ.

೨

(ಹೊಡೆದುಹಾಕಿದ ಆರಂಭ.) ಹುಬ್ಬಳ್ಳಿಯ ಮೇಲೆ ಸೂರ್ಯ ಮುಳುಗುತ್ತಿದ್ದ. ಉಣಕಲ್ ಕೆರೆಯ ನೀರು ಬಂಗಾರದ...

"ಕೆರಿ ಯಾಕ್ರಿ ಇಲ್ಲಿ?" ಎಂದಳು ವಿದ್ಯಾ. "ನಮ್ಮ ವರ್ಕ್‌ಶಾಪಿಗೆ ನೆಟ್ಟಗ ಒಂದ್ ಕಿಡಕಿ ಇಲ್ಲ. ಮಧ್ಯಾಹ್ನ ಎರಡೂವರಿ ಆಗೇತಿ, ನಾಳಿ ಮ್ಯಾಚ್ ಐತಿ. ನೀವು ನೋಡಿದ್ರ ಸೂರ್ಯನ್ನ ಮುಳುಗಿಸಾಕತ್ತೀರಿ."

ನಾಯಕಿಯೇ ಬೈದ ಮೇಲೆ ಕೆರೆಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಎರಡನೆಯ ಮೋಟಾರೂ ಸುಟ್ಟುಹೋಯಿತು.

೩

ಸರಿ, ನೆಟ್ಟಗೆ ಹೇಳುತ್ತೇನೆ. ವಿದ್ಯಾ ಬೆಂಗೇರಿಯವಳು, ಡಿಪ್ಲೊಮಾ ಕೊನೆಯ ವರ್ಷ, ರೋಬೋಟ್ ತಂಡದ ಕ್ಯಾಪ್ಟನ್. ಆಟ ಎರಡು ನಿಮಿಷದ್ದು: ನೆಲದ ಮೇಲಿನ ದೊಡ್ಡ ಪ್ಲಾಸ್ಟಿಕ್ ಬಳೆಗಳನ್ನು ರೋಬೋಟು ಬಾಚಿಕೊಳ್ಳಬೇಕು, ಎತ್ತಿ ಕಂಬಕ್ಕೆ ಹಾಕಬೇಕು. ಎಂಟು ಮೋಟಾರಿನಲ್ಲಿ ನಾಲ್ಕು ಗಾಲಿಗೆ, ಎರಡು ಬಾಚುವ ಬಾಯಿಗೆ, ಎರಡು ಎತ್ತುವ ಕೈಗೆ. ಆ ಕೈ ನಜ್ಮಾಳದು. ನಜ್ಮಾ ಉಣಕಲ್‌ನಿಂದ ಬರುತ್ತಾಳೆ, ಮೊದಲ ಸೆಮಿಸ್ಟರಿನಿಂದ ವಿದ್ಯಾಳ ಪಕ್ಕದಲ್ಲೇ ಕೂತವಳು. ಮೂರು ತಿಂಗಳಲ್ಲಿ ಹದಿನೇಳು ಸಲ ಬಿಚ್ಚಿ ಜೋಡಿಸಿ ಆ ಕೈ ಮಾಡಿದ್ದಾಳೆ.

ಕಳೆದ ವಾರದ ಪ್ರಾಕ್ಟೀಸ್ ಮ್ಯಾಚಿನಲ್ಲಿ ಎದುರು ತಂಡದ ರೋಬೋಟು ಇವರದನ್ನು ಮೂಲೆಗೆ ತಳ್ಳಿ ಒಂದೂವರೆ ನಿಮಿಷ ಅಲ್ಲೇ ಅದುಮಿ ಹಿಡಿಯಿತು. ಗಾಲಿಗೆ ಆರು ಮೋಟಾರು ಇದ್ದರೆ ಯಾರೂ ಅಲುಗಾಡಿಸಲಾರರು. ಆದರೆ ಇನ್ನೆರಡು ಎಲ್ಲಿಂದ ತರುವುದು? ಬಾಯಿಯದನ್ನು ಕಿತ್ತರೆ ಬಳೆಯೇ ಸಿಗುವುದಿಲ್ಲ. ಹಾಗಾಗಿ ಕೈಯದನ್ನೇ ಕೀಳಬೇಕು, ಕೈಯನ್ನು ಹವಾದ ಮೇಲೆ ಓಡಿಸಬೇಕು. ಹವಾ ಎಂದರೆ ಬಾಟಲಿಯಷ್ಟು ದೊಡ್ಡ ಒಂದು ಟ್ಯಾಂಕು. ಮ್ಯಾಚಿಗೆ ಮುಂಚೆ ಸೈಕಲ್ ಪಂಪಿನಿಂದ ತುಂಬಿದ್ದೇ ತುಂಬಿದ್ದು. ಐದು ಸಲ ಎತ್ತುತ್ತದೆ. ಐದನೆಯದು ಅರ್ಧಕ್ಕೇ ನಿಲ್ಲುತ್ತದೆ.

೪

ಇದನ್ನೆಲ್ಲ ವಿದ್ಯಾ ನಜ್ಮಾಗೆ ಹೇಳಬೇಕಿತ್ತು. ಕ್ಯಾಂಟೀನಿನಲ್ಲಿ ಹೇಳಲೆಂದೇ ಕೂತು "ಚಹಾ ಛಲೋ ಐತಿ" ಎಂದು ಎದ್ದು ಬಂದಳು. ನಾನು ಅವಳಿಗಾಗಿ ಒಂದು ಒಳ್ಳೆಯ ಮಾತು ಬರೆದುಕೊಟ್ಟೆ: "ನಜ್ಮಾ, ತಂಡ ಮೊದಲು, ನಾವು ಆಮೇಲೆ."

"ಹಿಂಗ ಯಾರ್ರಿ ಮಾತಾಡ್ತಾರ?" ಎಂದಳು. "ಆಕಿ ಮಾರಿ ನೋಡಿ ನೀವ ಹೇಳ್ರಿ, ನೋಡೂಣು."

ಮೂರು ದಿನ ಹೀಗೇ ಓಡಾಡಿದಳು. ಹವಾದಿಂದ ಕೈಯನ್ನು ನೂಕಿ ಎತ್ತುವ ಸಿಲಿಂಡರನ್ನೂ ಟ್ಯಾಂಕನ್ನೂ "ಸುಮ್ನ ಟ್ರಯಲ್" ಎಂದು ಕೈಯ ಪಕ್ಕಕ್ಕೆ ಕೂಡಿಸಿಟ್ಟಳು. ಕೊನೆಗೆ ತಂಡದ ನೋಟ್‌ಬುಕ್ಕಿನಲ್ಲಿ ಬರೆದಳು: "ಕೈಯ ಮೋಟಾರ್ ಎರಡೂ ಗಾಲಿಗೆ. ಕೈ ಹವಾದ ಮೇಲೆ." ಎಂದಾದರೂ ನಜ್ಮಾ ಓದುತ್ತಾಳಲ್ಲ, ಅಷ್ಟು ಸಾಕು. ಹೇಡಿ! (ನಾಯಕಿಯ ಮೇಲೆ ನನಗೆ ಸಿಟ್ಟು ಬಂದಿದೆ. ನಾನೂ ಬಾಯಲ್ಲಿ ಹೇಳಲಾಗದ್ದನ್ನು ಬರೆದೇ ಇಷ್ಟು ದೂರ ಬಂದವನು, ಅದು ಬೇರೆ ಮಾತು.)

೫

ಸ್ಪರ್ಧೆಯಲ್ಲಿ, ಕನ್ನಡದಲ್ಲಿ ಬರೆದ ನೋಟ್‌ಬುಕ್ಕಿಗೆ ಬೇರೆಯೇ ಬಹುಮಾನವಿತ್ತು. ಅದಕ್ಕೇ ಧಾರವಾಡದ ಉದಯಕುಮಾರ ಸರ್ ಅದನ್ನು ರವಿವಾರ ಮನೆಗೆ ಒಯ್ದು, ಕೆಂಪು ಪೆನ್ನಿನಿಂದ ತಿದ್ದಿ ತಂದುಕೊಟ್ಟರು. ಅವರು ಕನ್ನಡ ಮೇಷ್ಟ್ರು. ಹವಾ ಕಂಡಲ್ಲೆಲ್ಲ ಗಾಳಿ ಮಾಡಿದ್ದರು.

"ಹವಾ ಅನ್ನೂದು ಸೈಕಲ್ ಅಂಗಡ್ಯಾಗ ಇರಲಿ ಬಿಡ್ರಿ. ಬರಿಯೂದ್ರಾಗ ಗಾಳಿ."

ಗಾಳಿ, ಗಾಳಿ ಎಂದು ತಿದ್ದುತ್ತ ಬಂದವರ ಕಣ್ಣಿಗೆ 'ಗಾಲಿ' ಬಿತ್ತು. ಈಗಿನ ಹುಡುಗರಿಗೆ ಲಕಾರ ಳಕಾರ ಗೊತ್ತಾಗುವುದಿಲ್ಲ ಎಂದು ಗೊಣಗಿಕೊಂಡು ಅದನ್ನೂ ತಿದ್ದಿದರು. ಆಗ ಸಾಲು ಹೀಗಾಯಿತು: "ಕೈಯ ಮೋಟಾರ್ ಎರಡೂ ಗಾಳಿಗೆ. ಕೈ ಗಾಳಿಯ ಮೇಲೆ."

೬

ನಜ್ಮಾ ಓದಿದಳು. ಇನ್ನೊಮ್ಮೆ ಓದಿದಳು. ಸ್ಪ್ಯಾನರ್ ತೆಗೆದುಕೊಂಡು ಕೈಯ ಎರಡೂ ಮೋಟಾರು ಬಿಚ್ಚಿ ವಿದ್ಯಾಳ ಮುಂದೆ ಇಟ್ಟಳು.

"ತಗೋ. ಗಾಳಿಗೆ ತೂರು."

"ಏ ಹುಚ್ಚಿ, ಅದು ಹಂಗಲ್ಲ..."

"ಮೂರು ತಿಂಗಳು ಮಾಡೇನಿ. ಬ್ಯಾಡ ಅಂದ್ರ ಬ್ಯಾಡ ಅಂತ ಹೇಳಬೇಕಿತ್ತು. ಯಾಕ, ರೋಬೋಟಿನಂಗ ನಿನ್ನ ಬಾಯಾಗೂ ಬಳಿ ಸಿಕ್ಕೊಂಡಿತ್ತೇನು?"

ಈ ಗೆಳತಿ ಹೋದರೆ ಇಡೀ ಕಾಲೇಜಿನಲ್ಲಿ ವಿದ್ಯಾಳಿಗೆ ಇನ್ನೊಬ್ಬಳಿಲ್ಲ.

೭

ಆಗ ಅವಳ ಕಣ್ಣು ಆ ಕೆಂಪು ಅಕ್ಷರದ ಮೇಲೆ ಹೋಯಿತು. ಅಬ್ಬಾ, ಬದುಕಿದೆ!

"ಅದು ಸರ್ ಮಾಡಿದ ತಪ್ಪು! ನಾ ಗಾಲಿ ಅಂತ ಬರದಿದ್ನಿ. ಕೆಂಪಿನ ಕೆಳಗ ನೋಡು, ಇನ್ನೂ ಕಾಣತೈತಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು ಎಂದು ಬರೆದು ಪೆನ್ನು ಕೆಳಗಿಡಲು ಸಿದ್ಧನಾಗಿದ್ದೆ. ನಜ್ಮಾ ನಗಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಹಂಗಾರ ಗಾಲಿಗೆ ಅಂತನ ಬರದಿದ್ದಿ."

"ಹೂಂ."

"ಅಂದ್ರ ನನ್ನ ಕೈಯಾಗಿಂದು ಖರೇನ ಕೀಳಾಕ ನಿಂತಿದ್ದಿ."

ಕಾಗುಣಿತ ಸರಿಯಾಯಿತು. ಮತ್ತೇನೂ ಸರಿಯಾಗಲಿಲ್ಲ.

೮

ಗಡಿಬಿಡಿಯಲ್ಲಿ ಮೂರು ಮುಕ್ತಾಯ ಮಾಡಿಕೊಟ್ಟೆ. ಒಂದರಲ್ಲಿ ಆರು ಮೋಟಾರಿನ ಗಾಲಿಯಿಂದ ತಂಡ ಗೆಲ್ಲುತ್ತದೆ, ನಜ್ಮಾ ಓಡಿಬಂದು ತಬ್ಬಿಕೊಳ್ಳುತ್ತಾಳೆ. ಇನ್ನೊಂದರಲ್ಲಿ ವಿದ್ಯಾ ಮೋಟಾರು ವಾಪಸು ಕೊಡುತ್ತಾಳೆ, ರೋಬೋಟು ಮತ್ತೆ ಮೂಲೆ ಸೇರುತ್ತದೆ, ಗೆಳೆತನ ಉಳಿಯುತ್ತದೆ. ಮೂರನೆಯದರಲ್ಲಿ ಉದಯಕುಮಾರ ಸರ್ ಬಂದು ಕ್ಷಮೆ ಕೇಳುತ್ತಾರೆ. (ಇದನ್ನು ನೀವೂ ನಂಬುವುದಿಲ್ಲ.)

ವಿದ್ಯಾ ಮೂರನ್ನೂ ಓದಿ ತಿರುಗಿ ಕೊಟ್ಟಳು.

"ಬ್ಯಾಡ್ರಿ. ಒಂದರಾಗೂ ನಾ ಬಾಯಿ ಬಿಟ್ಟಿಲ್ಲ."

ಹೌದಲ್ಲ! ಅವಳಿಗೆ ಮಾತಾಡಲು ಜಾಗ ಬೇಕು, ನನ್ನ ಬಳಿ ಭಾಗಗಳೇ ಮುಗಿದಿವೆ. ಆ ಹಾಳು ಕೆರೆಗೆ ಸುರಿದ ಭಾಗ ಈಗ ಇದ್ದಿದ್ದರೆ! ಇರಲಿ, ಇನ್ನು ಮುಂದಿನದು ಹವಾದ ಮೇಲೆ, ಐದೇ ಸಲ.

ಫುಸ್. ವಿದ್ಯಾ ಸೈಕಲ್ ಪಂಪು ಎಳೆದುಕೊಂಡು, ಕೈ ನೋಯುವ ತನಕ ಟ್ಯಾಂಕು ತುಂಬಿದಳು.

ಫುಸ್. "ಕೀಳಬೇಕಂತ ನಾನ ಬರದೇನಿ, ನಜ್ಮಾ. ಸರ್ ಅಲ್ಲ. ಗಾಲಿಗೆ ಆರು ಬೇಕ ಬೇಕು. ಆದ್ರ ನಿನಗ ಹೇಳಾಕ ಅಂಜಿದ್ನಿ."

ಫುಸ್. ನಜ್ಮಾ ಬಗ್ಗಿ ಸಿಲಿಂಡರಿನ ಪೈಪು ಮುಟ್ಟಿ ನೋಡಿದಳು. "ಇದನ್ನ ಯಾರು ಕಟ್ಟಿದ್ದು? ಹವಾ ಸೋರಾಕತ್ತೇತಿ."

ಫುಸ್. ತಾನೇ ಬಿಚ್ಚಿ ಬಿಗಿದಳು. "ಕಟ್ಟೇನಿ ಅಂದ ಮಾತ್ರಕ್ಕ ಸಿಟ್ಟು ಹೋತು ಅಂತ ತಿಳಕೋಬ್ಯಾಡ. ಬಟನ್ ಒತ್ತು."

ಫು... ಕೈ ಬಳೆ ಹಿಡಿದು ಮೇಲೆದ್ದಿತು, ಅರ್ಧಕ್ಕೆ ಬಂದು ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದಾರೆ. ಏರಿತೋ ಇಳಿಯಿತೋ ಎಂದು ನನ್ನನ್ನು ಕೇಳಬೇಡಿ, ನನ್ನಲ್ಲೂ ಹವಾ