ಜಾರಿಸಿದ ಸ್ವರ

ಬ್ಯಾಂಡಿನ ಧಾಟಿಯೇ ಸರಿಯಾಗಿ ತಿಳಿಯದ ನಾನು ಜಾಝ್ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

"ಸ್ವಲ್ಪ ಎಡಕ್ಕ ಸರಸ್ರಿ, ಕುತ್ತಿಗಿ ವಾಲಾಕತ್ತೈತಿ," ಎಂದಳು ಭೀಮಕ್ಕ. ನಾಲ್ವರು ಸೇರಿ ತೀರಿಹೋದ ಅವಳ ಗಂಡ ಕಲ್ಲಯ್ಯನನ್ನು ಹೂವಿನ ವಿಮಾನದಲ್ಲಿ ಕೂರಿಸಿ, ಶಾಲಿನಿಂದ ಕಟ್ಟುತ್ತಿದ್ದರು. ಖಾನಾಪುರದ ಆ ಓಣಿಯಲ್ಲಿ ಗಜಾನನ ಮಾಸ್ತರರ ಬ್ಯಾಂಡ್ ಸಾಲಾಗಿ ನಿಂತಿತ್ತು. ಕಲ್ಲಯ್ಯ ಮೂವತ್ತು ವರ್ಷ ಕ್ಲಾರಿನೆಟ್ ನುಡಿಸಿದ್ದು, ಬೈಸಿಕೊಂಡಿದ್ದು ಅದರಲ್ಲೇ.

ಮಗಳು ದಾನೇಶ್ವರಿ ಅಪ್ಪನ ಕ್ಲಾರಿನೆಟ್ ಹಿಡಿದು ಹೊರಬಂದಳು.

"ನೀ ನುಡಸಾಕಿ ಏನವಾ?" ಮಾಸ್ತರರು ಕೇಳಿದರು.

"ಹೌದ್ರಿ. ಅಪ್ಪನಂಗ."

"ನುಡಸು, ಬ್ಯಾಡ ಅನ್ನೂದಿಲ್ಲ. ಆದ್ರ ಸೀದಾ ನುಡಸು. ಅವನಂಗ ಸುರ ಜಾರಸಬ್ಯಾಡ. ಎಷ್ಟು ಲಗ್ನದಾಗ ನನ್ನ ಮಾನ ಕಳದಾನ!"

"ಇವತ್ತರ ಬಿಡೋ ಮಾಸ್ತರಾ," ಎಂದ ಡೋಲಿನ ಬಾಳೇಶ. "ಇವತ್ತ ಅಂವಾ ಕುಂತಾನ, ನೀನ ನಡ್ಯಾಂವ."

ದಾನೇಶ್ವರಿ ಸಾಲಿನಲ್ಲಿ ಅಪ್ಪನ ಜಾಗಕ್ಕೆ ಹೋಗಿ ನಿಂತಳು.

* * *

ನಾಲ್ಕು ವರ್ಷಗಳ ಹಿಂದೆ, ಬೆಳಗಾವಿಯ ರಾಮತೀರ್ಥ ನಗರದಲ್ಲಿರುವ ತನ್ನ ಮನೆಯಲ್ಲಿ ದಾನೇಶ್ವರಿ ಅಪ್ಪನ ಕ್ಲಾರಿನೆಟ್ಟಿನ ಊದುವ ತುದಿಗೆ ಹೊಸ ರೀಡ್ ಪಟ್ಟಿ ಎಲ್ಲಿ ಸಿಗುತ್ತದೆಂದು ಫೋನಿನಲ್ಲಿ ಹುಡುಕುತ್ತಿದ್ದಳು. ಅಷ್ಟರಲ್ಲಿ ಹಳೆಯ ಕಪ್ಪು-ಬಿಳುಪು ವಿಡಿಯೊ ಒಂದು ಶುರುವಾಯಿತು. ಟೊಪ್ಪಿಗೆ ಹಾಕಿದ ಅಮೆರಿಕದ ವಾದಕನೊಬ್ಬ ಸ್ವರವನ್ನು ಕೆಳಗಿನಿಂದ ಎತ್ತಿ, ಎಲ್ಲೂ ಮೆಟ್ಟಿಲು ಕಾಣದಂತೆ ಮೇಲಕ್ಕೆ ಜಾರಿಸಿಕೊಂಡು ಹೋದ.

ಮಗಳ ಮನೆಗೆ ಬಂದಿದ್ದ ಕಲ್ಲಯ್ಯ ಊಟದ ತಟ್ಟೆ ಬಿಟ್ಟು ಎದ್ದುನಿಂತ. "ತಂಗೀ, ಇಂವಾನೂ ನನ್ನಂಗ ತಪ್ಪ ಮಾಡ್ತಾನ!"

"ತಪ್ಪಲ್ಲಪ್ಪಾ, ಇದಕ್ಕ ಜಾಝ್ ಅಂತಾರ. ಮಂದಿ ಹೆಂಗ ಕುಣ್ಯಾಕತ್ತಾರ ನೋಡು."

ಅಂದಿನಿಂದ ವಾರಕ್ಕೊಬ್ಬ ಹೊಸ ವಾದಕ ಸಿಕ್ಕ. ಹೆಸರು ನಾಲಿಗೆಗೆ ಹತ್ತದೆ ಕಲ್ಲಯ್ಯ ತಾನೇ ಹೆಸರಿಟ್ಟ. "ಕನ್ನಡಕದಾಂವ ಬರೇ ಓಡ್ತಾನ. ಟೊಪಗಿಯಾಂವ ಓಡೂದಿಲ್ಲ, ಕೆಳಗಿನ ಸುರದಾಗ ಮನಿ ಕಟ್ಕೊಂಡು ಕುಂತಾನ. ಮೊದಲ ಅವನ್ನ ಕೇಳಬೇಕು." ಚಿಕ್ಕಂದಿನಲ್ಲೇ ಕ್ಲಾರಿನೆಟ್ ಕಲಿತಿದ್ದ ಮಗಳಿಗೆ ಜಾರಿಸುವುದನ್ನೂ ಕಲಿಸಿದ. ಆ ವಿಡಿಯೊಗಳನ್ನು ಮಾಸ್ತರರಿಗೆ ಮಾತ್ರ ಅವನು ಎಂದೂ ಕೇಳಿಸಲಿಲ್ಲ. ಧೈರ್ಯ ಬರಲಿಲ್ಲ.

* * *

ವಿಮಾನ ಹೆಗಲೇರಿತು. ಭಜನೆಯ ಧಾಟಿ ಶುರುವಾಯಿತು. ಮೊದಲ ಸುತ್ತು ದಾನೇಶ್ವರಿ ಸೀದಾ ನುಡಿಸಿದಳು, ಹೆದರಿ. ಎರಡನೆಯ ಸುತ್ತಿನಲ್ಲಿ ಸ್ವರ ಕೆಳಗಿನಿಂದ ಜಾರಿತು, ಏರಿತು, ಹೆಂಚುಗಳ ಮೇಲೆ ಹೋಗಿ ನಿಂತಿತು. ಡೋಲು ಸ್ತಬ್ಧವಾಯಿತು. ಹೊತ್ತವರೂ ನಿಂತರು.

"ಇನ್ನೊಮ್ಮೆ, ನನ್ನವ್ವಾ!" ಭೀಮಕ್ಕ ಕೂಗಿದಳು.

ಮಾಳಿಗೆಯಿಂದ ಯಾರೋ ಮರಾಠಿಯಲ್ಲಿ, "ವಾ! ಪುನ್ಹಾ!" ಎಂದರು.

ಈ ಸಲ ಇನ್ನೂ ಉದ್ದಕ್ಕೆ ಜಾರಿಸಿದಳು. ಬಾಳೇಶನ ಡೋಲು ಹಿಂದೆಯೇ ಹೊರಟಿತು. ಹೊತ್ತವರ ಕಾಲುಗಳಿಗೂ ಲಯ ಸಿಕ್ಕಿತು. ಅಳುತ್ತಿದ್ದ ಓಣಿ ಚಪ್ಪಾಳೆ ತಟ್ಟಿತು.

ಮಾಸ್ತರರು ಅವಳ ಕೈಯನ್ನೇ ನೋಡುತ್ತಿದ್ದರು. "ಬೆರಳ ಎತ್ತೂದಿಲ್ಲೇನ?"

"ಇಲ್ರಿ. ಬಾಜೂಕ ಸರಸೂದು, ಸಾವಕಾಶ."

ಅವರು ತಮ್ಮ ಕ್ಲಾರಿನೆಟ್ ತುಟಿಗಿಟ್ಟರು. ಕೀಚ್ ಎಂದಿತು. ಬಾಳೇಶ ಗಟ್ಟಿಯಾಗಿ ನಕ್ಕ. ಮಾಸ್ತರರು ಸಿಟ್ಟಾಗಲಿಲ್ಲ, ಮತ್ತೆ ಊದಿದರು. ಮೆರವಣಿಗೆ ತಿರುವಿನಲ್ಲಿ ಮರೆಯಾಗುವವರೆಗೂ, ಎಪ್ಪತ್ತು ದಾಟಿದ ಆ ಮನುಷ್ಯ ಕಣ್ಣು ಮುಚ್ಚಿಕೊಂಡು, ದಾನೇಶ್ವರಿಯ ಬೆನ್ನಿಗೇ ನಡೆಯುತ್ತ, ಅದೊಂದೇ ಸ್ವರವನ್ನು ಜಾರಿಸಲು ಹೆಣಗುತ್ತಿದ್ದರು.

ಕೊನೆಗೂ ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ.