ಬೆಚ್ಚಗಿದ್ದ ಪೆಟ್ಟಿಗೆ

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ಶಕುಂತಲಮ್ಮನವರ ಮುದ್ರಣಾಲಯಕ್ಕೆ ಹುಳ ಬಿದ್ದದ್ದು ತೊಂಬತ್ತೊಂಬತ್ತರ ಮುಂಗಾರಿನಲ್ಲಿ. ಅದು ಭತ್ತಕ್ಕೆ ಬೀಳುವ ಹುಳವಲ್ಲ, ಕಣ್ಣಿಗೆ ಕಾಣುವುದಿಲ್ಲ. ಯಾರದೋ ಪತ್ರದ ಬೆನ್ನು ಹತ್ತಿ ಟೆಲಿಫೋನ್ ತಂತಿಯಲ್ಲಿ ಬಂದು, ಕಂಪ್ಯೂಟರಿಗೂ ಕಂಪ್ಯೂಟರಿಗೂ ಎಳೆದಿದ್ದ ವೈರಿನಲ್ಲಿ ಹರಿದು, ನಾಲ್ಕರಲ್ಲಿದ್ದ ಪುಸ್ತಕಗಳನ್ನೆಲ್ಲ ಜೊಳ್ಳು ಮಾಡಿತ್ತು. ಹೆಸರು ಇದ್ದಲ್ಲೇ ಇತ್ತು. ತೆರೆದರೆ ಒಳಗೆ ಒಂದಕ್ಷರವಿಲ್ಲ.

ಅಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದ ಹಾಲೇಶಪ್ಪನ ಎದೆ ಒಡೆದದ್ದು ಒಂದೇ ಪುಸ್ತಕಕ್ಕೆ. ಹರಿಹರದಲ್ಲಿದ್ದ ಅವನ ಅಕ್ಕ ಅಂಜಿನವ್ವ ನಾಲ್ಕು ಬೇಸಿಗೆ ಕೂತು ಹಾಡಿ ಬರೆಸಿದ್ದ ಮುನ್ನೂರು ಬೀಸುವ ಹಾಡು. ಟೈಪಾದ ಮೇಲೆ ಇನ್ನೇಕೆಂದು ಕೈಬರಹದ ಹಾಳೆಗಳನ್ನು ರದ್ದಿಗೆ ಹಾಕಿದ್ದರು. ಯುಗಾದಿಯ ಹೊತ್ತಿಗೆ ಲಕ್ವ ಹೊಡೆದು ಅಕ್ಕನ ನಾಲಿಗೆಯೂ ನಿಂತಿತ್ತು. ಪುಣ್ಯಕ್ಕೆ ಐದನೆಯ ಕಂಪ್ಯೂಟರು ಆ ವಾರ ರಿಪೇರಿಗೆಂದು ಹರಿಹರಕ್ಕೆ ಹೋಗಿತ್ತು. ಹಾಡು ಉಳಿದದ್ದು ಅದೊಂದರಲ್ಲೇ. ಫ್ಲಾಪಿಗೆ ಹಿಡಿಸದಷ್ಟು ದೊಡ್ಡ ಪುಸ್ತಕ. ಪ್ರಿಂಟರಿದ್ದ ಕಂಪ್ಯೂಟರಿಗೆ ಅದು ವೈರಿನಲ್ಲೇ ಹೋಗಬೇಕಿತ್ತು.

ಶುಕ್ರವಾರ ಬೆಳಿಗ್ಗೆ ರಿಪೇರಿಯ ಚಾಂದ್ ಪಾಷಾ ಅದನ್ನು ಹೊತ್ತು ತಂದ. "ಎಲ್ಲಾ ಆರಿಸ್ರಿ. ಒಂದೊಂದೇ ತೊಳೀತೀನಿ. ಒಂದು ಉಳಿದ್ರೂ ತೊಳೆದಿದ್ದಕ್ಕೆಲ್ಲ ಮತ್ತೆ ಹತ್ತತೈತೆ."

"ನನ್ನ ರೂಮಿಂದು ನಾನೇ ಆರಿಸಿ ಬಂದೀನಿ," ಎಂದರು ಶಕುಂತಲಮ್ಮ. "ಪೂಜೆ ಆಗೇತೆ. ಅದನ್ನ ಕಡೀಗೆ ನೋಡಪ್ಪ."

ಚಾಂದ್ ಹೊರಗಿನ ಮೂರನ್ನೂ ತೊಳೆದು, ವೈರು ಸೇರಿಸಿ, ಪರೀಕ್ಷೆಗೆಂದು ನಾಲ್ಕು ಸಾಲಿನ ಕಾಗದವೊಂದನ್ನು ಟೈಪು ಮಾಡಿ ಒಂದರೊಳಗಿಟ್ಟ. ಚಹಾ ಕುಡಿದು ಬರುವಷ್ಟರಲ್ಲಿ ಅದು ಜೊಳ್ಳಾಗಿತ್ತು.

"ಎಲ್ಲಿತ್ತಪ್ಪ ಇದು, ಗೋಡ್ಯಾಗ?" ಎಂದು ತಲೆ ಕೆರೆದುಕೊಂಡು ಮತ್ತೆ ಮೊದಲಿಂದ ತೊಳೆಯತೊಡಗಿದ.

ಹಾಲೇಶಪ್ಪನಿಗೆ ಚಿಕ್ಕಂದಿನ ಪ್ಲೇಗಿನ ವರ್ಷ ನೆನಪಾಯಿತು. ಊರೆಲ್ಲ ಮನೆಗೆ ಬೀಗ ಹಾಕಿ ಹೊಳೆದಂಡೆಯಲ್ಲಿ ಗುಡಿಸಲು ಹಾಕಿತ್ತು. ಬಿಟ್ಟುಬಂದ ಕೋಳಿ ತರಲು ಒಬ್ಬಾಕೆ ಕದ್ದು ಹೋಗಿಬಂದಳು. ಗುಡಿಸಲಲ್ಲೂ ಹೆಣ ಬಿತ್ತು. ಇಲ್ಲಿ ಹಾಗೆ ಹಿಂದಕ್ಕೆ ಹೋದವರು ಯಾರು?

ಸಂಜೆ ಮತ್ತೆ ಇಟ್ಟ ಕಾಗದ ಕಾಲು ಗಂಟೆಯಾದರೂ ಹಾಗೇ ಇತ್ತು. "ಸತ್ತಿತು ಅಜ್ಜಾ! ನಿಮ್ಮಕ್ಕನ ಹಾಡು ಇನ್ನು ಮನೀಗೆ ಬಂತು ತಗೊಳ್ರಿ," ಎಂದು ಚಾಂದ್ ಹರಿಹರದಿಂದ ಬಂದ ಯಂತ್ರದ ಕಡೆಗೆ ವೈರು ಎಳೆದ.

ಹಾಲೇಶಪ್ಪ ಆಗ ಒಡತಿಯ ರೂಮಿನಲ್ಲಿ ಊದುಬತ್ತಿ ಹಚ್ಚುತ್ತಿದ್ದ. ಅಲ್ಲಿನ ಕಂಪ್ಯೂಟರು ಮುದ್ರಣಾಲಯಕ್ಕೆ ಬಂದ ಮೊದಲನೆಯದು. ಮೇಲೆ ವಿಭೂತಿ, ಮಲ್ಲಿಗೆ, ಮುಸುಕಿನ ಬಟ್ಟೆ. ಹೂವು ಸರಿಪಡಿಸಲು ಹೋದ ಕೈಗೆ ಪೆಟ್ಟಿಗೆ ಬೆಚ್ಚಗೆ ತಾಗಿತು. ಮಲಗಿದ ಕರುವಿನ ಹೊಟ್ಟೆಯ ಹಾಗೆ. ಹೇಳಿದರೆ ಉಪ್ಪು ತಿಂದ ಮನೆಯ ಒಡತಿಯನ್ನು ಹೊರಗಿನವನ ಎದುರು ಸುಳ್ಳಿ ಮಾಡಿದಂತೆ.

"ಪಾಷಾ! ವೈರು ಹಚ್ಚಬ್ಯಾಡ!"

"ಯಾಕಜ್ಜಾ, ಕಚ್ತೈತಾ?"

"ಒಳಗಿಂದು ಬೆಚ್ಚಗೈತೆ. ಆರಿಲ್ಲ ಅದು. ಹುಳ ಅದರಾಗೇ ಕಾದು ಕುಂತೈತೆ."

ಶಕುಂತಲಮ್ಮನವರ ಮುಖ ಕೆಂಪಾಯಿತು. "ಪರದೆ ಆರಿಸೀನಲ್ಲ... ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ಲಕ್ಷ್ಮೀನ ಪೂರಾ ಹೆಂಗೆ ಆರಿಸ್ಲಿ?"

"ಕರೆಂಟ್ ಹೋದ್ರೆ ಏನ್ಮಾಡ್ತೀರಮ್ಮಾ?"

"ಆ ಪಾಪ ಕರೆಂಟ್ ತೆಗೆದೋರಿಗೆ!"

ಚಾಂದ್ ನಕ್ಕ. ಹಾಲೇಶಪ್ಪ ನಗಲಿಲ್ಲ. "ಅವ್ವಾ, ದೀಪಾನಾದ್ರೂ ನಾವು ಊದಿ ಆರಿಸ್ತೀವಾ? ಹೂವಿಂದ ಶಾಂತ ಮಾಡ್ತೀವಿ. ಇದನ್ನೂ ಹಂಗೇ ಮಾಡ್ರಿ."

ಆಕೆ ಮಲ್ಲಿಗೆಯೊಂದನ್ನು ಬೆರಳಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಚಾಂದ್ ತೋರಿಸಿದ ಗುಂಡಿ ಒತ್ತಿದರು. ಒಳಗಿನ ಗುಂಯ್ ಎಂಬ ಸದ್ದು ಮೆಲ್ಲಗೆ ಇಳಿದು ನಿಂತಿತು.

ಚಾಂದ್ ನಾಲ್ಕನ್ನೂ ತೊಳೆದು, ಕಾಗದವಿಟ್ಟು ಒಂದು ಗಂಟೆ ಕಾದು, ಕಡೆಗೆ ವೈರು ಸಿಕ್ಕಿಸಿದ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ತುಂಬುತ್ತ ಹೋಯಿತು. ಮೊಳೆ ಜೋಡಿಸಿದ್ದರೆ ಹಾಲೇಶಪ್ಪನಿಗೆ ಒಂದು ವರ್ಷದ ಕೆಲಸ; ಎಲೆಗೆ ಸುಣ್ಣ ಹಚ್ಚಿ ಮಡಚುವಷ್ಟರಲ್ಲಿ ಮುನ್ನೂರು ಹಾಡು ಆಚೆ ದಾಟಿದವು. ಅವನು ಬಗ್ಗಿ ವೈರು ಮುಟ್ಟಿ ನೋಡಿದ. ಬಿಸಿಯಿಲ್ಲ, ನಡುಕವಿಲ್ಲ. ಹುಳ ಬಂದದ್ದೂ ಇದೇ ದಾರಿ, ಅಕ್ಕ ಬಂದದ್ದೂ ಇದೇ ದಾರಿ. ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡ.

ಮರುದಿನ ಅಚ್ಚಾದ ಹಾಳೆಗಳನ್ನು ಹಿಡಿದು ಮೊದಲ ಬಸ್ಸಿಗೆ ಹರಿಹರಕ್ಕೆ ಹೋಗಿ, ಅಂಜಿನವ್ವನ ಹಾಸಿಗೆಯ ಪಕ್ಕ ಕೂತು, ಅಕ್ಷರಕ್ಕೆ ಬೆರಳಿಟ್ಟು ಓದತೊಡಗಿದ. ಎರಡನೆಯ ಹಾಡಿಗೆ ಕೌದಿಯ ಮೇಲಿದ್ದ ಆಕೆಯ ಕೈ ಬೀಸುಕಲ್ಲಿನ ಗೂಟ ಹಿಡಿದಂತೆ ಮುಷ್ಟಿಯಾಗಿ, ನಿಧಾನಕ್ಕೆ ಸುತ್ತಲು ಶುರುವಾಯಿತು.