ನವಮಿಯೋ, ದಶಮಿಯೋ

ಬೈಲಹೊಂಗಲದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಪದ್ಮಜಾ, ತಂದೆ ಪಾಂಡುರಂಗರ ಫೋನಿಗೆ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದಳು. ಗ್ಲಾಕೋಮಾದಿಂದ ಅವರ ದೃಷ್ಟಿ ಮಸುಕಾಗಿತ್ತು. ಪಂಚಾಂಗದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಗುಂಡಿ ಒತ್ತಿದರೆ ಫೋನೇ ಆ ದಿನದ ತಿಥಿ ಹೇಳುತ್ತಿತ್ತು. ಸುತ್ತಲಿನ ಊರುಗಳ ಪರಿಚಯದವರು ನಸುಕಿನಲ್ಲೇ ಕರೆಮಾಡಿ ಅವರಿಂದ ತಿಥಿ ಕೇಳಿಕೊಳ್ಳುವುದು ಹಳೆಯ ರೂಢಿ. ಅದು ಹಾಗೇ ಮುಂದುವರಿಯಿತು.

ಆಮೇಲೆ ಉತ್ತರಗಳು ತಪ್ಪತೊಡಗಿದವು, ಒಮ್ಮೊಮ್ಮೆ ಮಾತ್ರ.

“ಕಾಕಾ, ದಶಮಿ ಅಂದ್ರೆಲ್ಲ, ಎರಡು ಪ್ಲೇಟ್ ಉಪ್ಪಿಟ್ಟು ತಿಂದೆ. ಇಲ್ಲಿ ನೋಡಿದ್ರ ಓಣಿ ಮಂದಿಯೆಲ್ಲಾ ಏಕಾದಶಿ ಉಪವಾಸ ಕುಂತಾರ” ಎಂದು ಕಿತ್ತೂರಿನ ಕೌಶಿಕ ಫೋನಿನಲ್ಲಿ ನಕ್ಕ. ಪಾಂಡುರಂಗರಿಗೆ ನಗು ಬರಲಿಲ್ಲ.

ಪದ್ಮಜಾ ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಫೋನ್ ಸರಿಯಾಗಿಯೇ ಹೇಳುತ್ತಿತ್ತು. ಸೂರ್ಯ ಚಂದ್ರರ ಗಣಿತವನ್ನು ಒಂದೊಂದೇ ಸಾಲಾಗಿ ಪರಿಶೀಲಿಸಿದಳು. ಹಳೆಯ ದಿನಾಂಕಗಳನ್ನು ಕೊಟ್ಟು ಮುದ್ರಿತ ಪಂಚಾಂಗದೊಂದಿಗೆ ಹೋಲಿಸಿದಳು. ಬ್ಯಾಟರಿ ಇಳಿಸಿ, ನೆಟ್‌ವರ್ಕ್ ತೆಗೆದು ಪರೀಕ್ಷಿಸಿದಳು. ಅವಳ ಕಣ್ಣೆದುರು ಅದು ಎಂದೂ ತಪ್ಪಲಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಯಾರದೋ ದೂರು.

“ಕೌಶಿಕಗ ಹೇಳಿದ ದಿನ ಏನಂತ ಕೇಳಿಸ್ತು ಅಪ್ಪಾ? ಸರಿಯಾಗಿ ನೆನಪು ಮಾಡ್ಕೊಳ್ರಿ” ಎಂದು ಒಮ್ಮೆ ಬೇಸತ್ತು ಕೇಳಿದಳು.

“ದಶಮಿ ಅಂದಂಗಿತ್ತು. ನನ್ನ ಲೆಕ್ಕದಾಗ ಏಕಾದಶಿ ಬರಬೇಕಿತ್ತು. ಆದರ ಮಷೀನ್ ಯಾಕ ತಪ್ಪತದ? ನನ್ನ ತಲಿನ ಕೈ ಕೊಟ್ಟದ, ಪದ್ಮಾ.”

ಅಂದಿನಿಂದ ಅವರು ಕರೆಗಳನ್ನು ಎತ್ತುವುದನ್ನೇ ಬಿಟ್ಟರು. ಪ್ರೋಗ್ರಾಮಿನಲ್ಲಿ ದೋಷ ಸಿಗದ ಮೇಲೆ ಪದ್ಮಜಾಳಿಗೂ ಉಳಿದದ್ದು ಅಪ್ಪನ ನೆನಪೊಂದೇ. ಧಾರವಾಡದ ನರರೋಗ ತಜ್ಞರ ಬಳಿ ಅವರಿಗೆ ನೆನಪಿನ ಪರೀಕ್ಷೆ ಗೊತ್ತುಮಾಡಿದಳು.

ಹೊರಡುವ ದಿನ ಮೊದಲ ಬಸ್ಸಿಗೆಂದು ಇಬ್ಬರೂ ಕತ್ತಲಿರುವಾಗಲೇ ಎದ್ದರು. ಅವಳು ಚಹಾಕ್ಕೆ ನೀರಿಟ್ಟಿದ್ದಳು. ಪಡಸಾಲೆಯಲ್ಲಿ ಪಾಂಡುರಂಗರು ಅಭ್ಯಾಸಬಲದಿಂದ ಗುಂಡಿ ಒತ್ತಿದರು.

“ಇಂದು ನವಮಿ” ಎಂದಿತು ಫೋನ್.

ಪದ್ಮಜಾ ಹೊರಗೆ ಬಂದಳು. ನಿನ್ನೆ ಸಂಜೆ ಅವಳೇ ಒತ್ತಿದಾಗಲೂ ನವಮಿ ಎಂದೇ ಹೇಳಿತ್ತು. “ಅಪ್ಪಾ, ಇನ್ನೊಮ್ಮೆ ಒತ್ತರಿ.”

“ಇಂದು ನವಮಿ.”

“ನವಮಿ ನಿನ್ನೆ ಮುಗೀತು. ಇವತ್ತ ದಶಮಿ” ಎಂದ ಪಾಂಡುರಂಗರು, ಆಮೇಲೆ ಅಳುಕಿ, “ಅಲ್ಲೇನು?” ಎಂದರು.

ಅವಳು ಪಂಚಾಂಗ ತೆರೆದಳು. ದಶಮಿಯೇ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಹುಡುಕತೊಡಗಿದಳು. ಏನೂ ತಿಳಿಯದೆ, ಏನನ್ನೂ ಬದಲಿಸದೆ, ಮತ್ತೆ ಗುಂಡಿ ಒತ್ತಿದಳು.

“ಇಂದು ದಶಮಿ.”

ಗಡಿಯಾರದಲ್ಲಿ ಆಗಷ್ಟೇ ಐದೂವರೆ ದಾಟಿತ್ತು. ಅವಳು ಬರೆದ ಪ್ರೋಗ್ರಾಮ್ ದಿನಾಂಕವನ್ನು ಗ್ರೀನಿಚ್ ಸಮಯದಿಂದ ತೆಗೆದುಕೊಳ್ಳುತ್ತಿತ್ತು. ಅಲ್ಲಿ ದಿನ ಬದಲಾಗುವಾಗ ಇಲ್ಲಿ ಬೆಳಗಿನ ಐದೂವರೆ; ಅಲ್ಲಿಯವರೆಗೆ ಫೋನಿಗೆ ಇನ್ನೂ ನಿನ್ನೆಯೇ. ಬೇಗ ಎದ್ದು ಒತ್ತಿದ ದಿನ ತಪ್ಪು, ತಡವಾದ ದಿನ ಸರಿ. ಅವಳು ನಸುಕಿನಲ್ಲಿ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

“ಅಪ್ಪಾ, ನಿಮ್ಮ ತಲಿ ಸರಿ ಅದ. ತಪ್ಪು ನಂದು” ಎಂದು, ಅರ್ಥವಾಗುವಂತೆ ಬಿಡಿಸಿ ಹೇಳಿದಳು.

ಪಾಂಡುರಂಗರು ಅವಳತ್ತ ತಿರುಗಿ ಕೂತರು. “ಅಂದ್ರ ಕೌಶಿಕಗ ಹೇಳಿದ ದಿನಾ?”

“ಅವತ್ತು ಏಕಾದಶಿ. ನಿಮ್ಮ ಲೆಕ್ಕ ಖರೇ ಇತ್ತು.”

“ಸಂಪಗಾಂವದವರು ಹುಣ್ಣಿಮಿ ಕೇಳಿದ್ರೆಲ್ಲ?”

“ಅದೂ ಖರೇ.”

“ಮತ್ತ ಆ ಸಂಕಷ್ಟಿ?”

“ಅದೂನೂ, ಅಪ್ಪಾ.”

ಒಂದೊಂದನ್ನೇ ಕೇಳಿ, ಒಂದೊಂದಕ್ಕೂ ತಲೆದೂಗಿದರು. ಕೊನೆಗೆ, “ಎಷ್ಟು ದೊಡ್ಡ ತಪ್ಪದು?” ಎಂದರು.

“ಒಂದು ಸಾಲು.”

“ಒಂದು ಸಾಲಿನ ಸಲುವಾಗಿ ನನ್ನ ಧಾರವಾಡಕ್ಕ ಹೊತಗೊಂಡು ಹೊಂಟಿದ್ದೆಲ್ಲ, ಪುಣ್ಯಾತಗಿತ್ತಿ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಒಳಗೆ ಚಹಾದ ನೀರು ಕುದಿದು ಕುದಿದು ಬತ್ತಿತ್ತು, ಬಸ್ಸು ಹೊರಟುಹೋಗಿತ್ತು. ಅಷ್ಟರಲ್ಲಿ ಫೋನ್ ರಿಂಗಾಯಿತು. ಪದ್ಮಜಾ ಕೈಚಾಚುವ ಮೊದಲೇ ಪಾಂಡುರಂಗರು ಎತ್ತಿದರು. ಯರಗಟ್ಟಿಯ ಹೆಂಗಸೊಬ್ಬರು.

“ಹಾಂ, ದಶಮಿರೀ. ಉಪವಾಸ ನಾಳಿಗೆ” ಎಂದರು. ಆ ಕಡೆಯಿಂದ ಏನೋ ಕೇಳಿರಬೇಕು, ಕುರ್ಚಿಗೆ ಒರಗಿ, ಕಾಲು ಚಾಚಿ ಹೇಳಿದರು: “ಇಷ್ಟು ದಿನಾ ಸ್ವಲ್ಪ ಆರಾಮ ಇರಲಿಲ್ರೀ. ಈಗ ಆರಾಮ ಇದ್ದೇನಿ.”